ಬರೆದು ಅಳಿಸಿದ ಸಾಲು

"ಮಸ್ಟ್ ನಾಟ್," ಎಂದಳು ಉನೈಸಿ. ಎದುರಿಗಿದ್ದ ಹದಿನಾಲ್ಕು ಮಕ್ಕಳಿಗೆ ಬೇಕಾದ್ದಕ್ಕಿಂತ ದನಿ ದೊಡ್ಡದಿತ್ತು. "ಕೂಡದು ಅಂತ ಅರ್ಥ. ಎಲ್ಲರೂ ಹೇಳಿ."

ಮಕ್ಕಳು ಹೇಳಿದರು. ಅವಳು ಕಿಟಕಿಯ ಕಡೆಗೆ ಎರಡು ಹೆಜ್ಜೆ ಸರಿದು ಕೈಯಲ್ಲಿದ್ದ ನೀಲಿ ರಟ್ಟಿನ ಪುಸ್ತಕದಿಂದ ಓದಿದಳು. ಲೈಫ್ ಜಾಕೆಟ್ ಎಷ್ಟಿವೆಯೋ ಅದಕ್ಕಿಂತ ಹೆಚ್ಚು ಜನರನ್ನು ದೋಣಿಗೆ ಹತ್ತಿಸಕೂಡದು. ಇಂಗ್ಲಿಷಿನಲ್ಲಿ ಎರಡು ಸಲ ಓದಿದಳು, ಊರಿನ ಮಾತಿನಲ್ಲಿ ಒಂದು ಸಲ. ಕಿಟಕಿಯಾಚೆ ದೀವಿಹಲಸಿನ ಮರದ ಬುಡದಲ್ಲಿ ಒಬ್ಬ ಗಂಡಸು ಶಾಲೆಗೆ ಬೆನ್ನು ಮಾಡಿ ಕುಳಿತು ಬಲೆ ಹೆಣೆಯುತ್ತಿದ್ದ. ಅವನು ತಿರುಗಿ ನೋಡಲಿಲ್ಲ. ಆದರೆ ಅವಳು ಓದುವಷ್ಟು ಹೊತ್ತೂ ಅವನ ಕೈಯ ಮರದ ಸೂಜಿ ನಿಂತಿತ್ತು. ಸಾಲು ಮುಗಿದ ಮೇಲೆ ಮತ್ತೆ ಬಲೆಯೊಳಗೆ ನುಸುಳಿತು.

ಅವನು ಅವಳ ಅಣ್ಣ ಕಮಿನಿಯೇಲಿ. ಇಬ್ಬರೂ ಒಬ್ಬರಿಗೊಬ್ಬರು ಮಾತಾಡಿ ಇಪ್ಪತ್ತೆಂಟು ವರ್ಷವಾಗಿತ್ತು. ಜಗಳವೇನಿಲ್ಲ. ಅವಳಿಗೆ ಹನ್ನೆರಡು ತುಂಬಿದ ದಿನ ಅಮ್ಮ ಚಾಪೆಯ ಮೇಲೆ ಇಬ್ಬರನ್ನೂ ಕೂರಿಸಿಕೊಂಡು, ಇವತ್ತಿಗೆ ನಿಮ್ಮ ಮಾತು ಮುಗೀತು, ಇನ್ನು ಮೇಲೆ ಗೌರವ, ಎಂದಿದ್ದಳು. ನಾವಿತು ಊರಿನಲ್ಲಿ ಅಣ್ಣತಂಗಿಯರೆಲ್ಲ ಹಾಗೆಯೇ. ಎದುರಾದರೆ ಒಬ್ಬರು ದಾರಿ ಬಿಡುತ್ತಾರೆ. ಒಬ್ಬರಿರುವ ಮನೆಯೊಳಗೆ ಇನ್ನೊಬ್ಬರು ಒಂಟಿಯಾಗಿ ಕಾಲಿಡುವುದಿಲ್ಲ. ಹೇಳಬೇಕಾದ್ದನ್ನು ಮೂರನೆಯವರ ಬಾಯಲ್ಲಿ ಹೇಳಿಸುತ್ತಾರೆ. ಶನಿವಾರ ಶನಿವಾರ ಅವಳ ಜಗಲಿಯ ಮೇಲೆ ಎಲೆಯಲ್ಲಿ ಸುತ್ತಿದ ಮೀನು ಬಂದು ಕೂರುತ್ತಿತ್ತು. ಅದನ್ನು ಇಟ್ಟವನ ಹೆಜ್ಜೆ ಮಾತ್ರ ಮರಳಿನ ಮೇಲೆ ಉಳಿದಿರುತ್ತಿತ್ತು.

ಈ ಪಾಠ ಶುರುವಾದದ್ದು ಅತ್ತಿಗೆಯಿಂದ. ಮಕೆರೇತಾ ಒಂದು ಮಧ್ಯಾಹ್ನ ಮೀನನ್ನು ತಾನೇ ಹಿಡಿದುಕೊಂಡು ಬಂದಳು.

"ಟೀಚರಮ್ಮಾ, ಒಳಗಿದ್ದೀಯೋ, ಇಲ್ಲಾ ಇಂಗ್ಲಿಷಿನಲ್ಲಿ ಮುಳುಗಿ ಹೋದ್ಯೋ?"

"ನಿನ್ನ ದನಿ ಕೇಳಿದ್ರೆ ಮುಳುಗಿದವರೂ ಎದ್ದು ಓಡ್ತಾರೆ. ಬಾ ಅತ್ತಿಗೆ."

"ನಿಮ್ಮಣ್ಣ ಕಳಿಸಿದ್ದು, ಪೂರ್ತಿ ಮೀನು. ನಾನಾಗಿದ್ರೆ ಬಾಲ ಮಾತ್ರ ಕಳಿಸ್ತಿದ್ದೆ." ಅವಳು ಕಾಲು ಚಾಚಿ ಕುಳಿತಳು. ಆಮೇಲೆ ನಗು ನಿಂತಿತು. "ದೋಣಿ ಲೈಸೆನ್ಸ್ ಕೊಡೋ ಆಫೀಸರ್ ಈ ಸಲ ಇಲ್ಲಿಗೇ ಬರ್ತಾನಂತೆ. ತಿಂಗಳು ಕಳೆದ್ರೆ ಪರೀಕ್ಷೆ. ನಿಮ್ಮಣ್ಣ ಎರಡು ಸಲ ಸುವಾ ಪಟ್ಟಣಕ್ಕೆ ಹೋಗಿ ಬೆವರು ಸುರಿಸ್ಕೊಂಡು ಬಂದ್ರು. ಮೂರನೇ ಸಲಾನೂ ಹಂಗೇ ಆದ್ರೆ ಚುಕ್ಕಾಣಿಗೆ ಪಕ್ಕದೂರಿನವನನ್ನ ಕರೆಸ್ತಾರೆ. ಒಡೇರ ಮನೇಲಿ ಮಾತಾಗಿದೆ."

ಅದು ಉನೈಸಿಗೂ ಗೊತ್ತಿತ್ತು. ಊರಿಗೆ ಜನ ಸಾಗಿಸುವ ದೋಣಿ ಒಂದೇ, ಅದು ಒಡೆಯರಾದ ರಾತು ಎಪೇಲಿಯವರದು. ಲೈಸೆನ್ಸ್ ಇಲ್ಲದವನು ಚುಕ್ಕಾಣಿ ಹಿಡಿಯಕೂಡದೆಂದು ಆದೇಶ ಬಂದಂದಿನಿಂದ ಅದು ತೆಂಗಿನ ಗರಿಯ ಕೆಳಗೆ ಮಲಗಿತ್ತು. ಬಂಡೆಸಾಲಿನ ನಡುವಿನ ಕಿರಿದಾದ ಕಂಡಿಯಲ್ಲಿ ದೋಣಿ ದಾಟಿಸಲು ಕಮಿನಿಯೇಲಿಗೆ ಅವನಪ್ಪ ಕಲಿಸಿದ್ದ, ಅಪ್ಪನಿಗೆ ಅಜ್ಜ. ಆ ಜಾಗ ಕೈತಪ್ಪಿದರೆ ಅವನು ದಡದ ಮೇಲಿನ ಮನುಷ್ಯನಾಗಿಬಿಡುತ್ತಿದ್ದ.

"ಪುಸ್ತಕ ಓದ್ಲಿ," ಎಂದಳು ಉನೈಸಿ.

"ಅಕ್ಷರ ನೋಡಿದ್ರೆ ಮೀನುಮರಿ ಥರ ಚೆದುರಿ ಹೋಗ್ತವಂತೆ. ಆದ್ರೆ ಕಿವಿಗೆ ಬಿದ್ದಿದ್ದನ್ನ ಸಾಯೋವರೆಗೂ ಬಿಡೋ ಜನ ಅಲ್ಲ ಅವರು. ನಾನು ಮದುವೆ ದಿನ ಬೈದಿದ್ದು ಇನ್ನೂ ಒಪ್ಪಿಸ್ತಾರೆ. ನೀನೇ ಹೇಳ್ಕೊಡಬೇಕು."

"ನಾನು ಹೆಂಗೆ ಹೇಳ್ಕೊಡ್ಲಿ ಅತ್ತಿಗೆ?"

"ನೋಡು, ನಂಗೆ ಬಾಯಿದೆ, ಇಂಗ್ಲಿಷ್ ಇಲ್ಲ. ನಿಂಗೆ ಇಂಗ್ಲಿಷ್ ಇದೆ, ಬಾಯಿಲ್ಲ. ದೇವರು ಇಬ್ಬರಿಗೂ ಅರ್ಧರ್ಧ ಕೊಟ್ಟಿದ್ದಾನೆ." ಮಕೆರೇತಾ ಏಳುತ್ತ ಕೇಳಿದಳು: "ನಿನ್ನ ಕ್ಲಾಸಿನ ಕಿಟಕಿ ಎಷ್ಟು ಹೊತ್ತಿಗೆ ತೆಗೀತೀಯ?"

ಮರುದಿನದಿಂದ ಐದನೇ ತರಗತಿಗೆ ದೋಣಿ ನಡೆಸುವವರ ನಿಯಮಗಳೇ ಇಂಗ್ಲಿಷ್ ಪಾಠವಾದವು. ಒಟ್ಟು ನಲವತ್ತು ನಿಯಮ. ಹತ್ತು ಗಂಟೆಗೆ ಅವಳು ಕಿಟಕಿ ತೆಗೆಯುತ್ತಿದ್ದಳು. ಹತ್ತಕ್ಕೆ ಐದು ನಿಮಿಷ ಇರುವಾಗಲೇ ಮರದ ಕೆಳಗೆ ಬಲೆ ಹರಡಿರುತ್ತಿತ್ತು.

ನಿಯಮಗಳ ತುಂಬ 'ಇಲ್ಲ'ಗಳೇ ಇದ್ದವು. ತರಬೇತಿ ಕಾಲೇಜಿನಲ್ಲಿ ಇವನ್ನು ಉನೈಸಿ ಪಟ್ಟಿ ಮಾಡಿ ಉರುಹೊಡೆದಿದ್ದಳು. ಈಗ, ಬೆನ್ನು ತಿರುಗಿಸಿ ಕುಳಿತ ಒಬ್ಬನ ಕಿವಿಗೆ ಅವನ್ನು ಮುಟ್ಟಿಸಬೇಕಾದಾಗ, ಅವು ಮೊದಲ ಬಾರಿ ಅವಳಿಗೇ ಕಾಣತೊಡಗಿದವು. ಇಂಗ್ಲಿಷಿನವರು ಬರೀ ಇಲ್ಲ ಎಂದು ಸುಮ್ಮನಾಗುವವರಲ್ಲ. ಆ ಇಲ್ಲ ಎಲ್ಲಿಂದ ಬಂತೆಂದು ಅದರ ಮುಖದ ಮೇಲೇ ಬರೆದಿರುತ್ತಾರೆ.

"ಮರದ ಸುತ್ತ ತೆಂಗಿನ ಗರಿ ಕಟ್ಟಿದ್ರೆ ಏನು?" ಎಂದು ಮಕ್ಕಳನ್ನು ಕೇಳಿದಳು.

"ಕಾಯಿ ಕೀಳಕೂಡದು!"

"ಅದು ಮಸ್ಟ್ ನಾಟ್. ಕಟ್ಟಿದವರು ಯಾರೋ ಇದ್ದಾರೆ. ಚರ್ಚಿನ ಹಿಂದಿನ ಬಂಡೆ ಎತ್ತಿ ನೋಡಿ, ಏಳುತ್ತಾ?"

"ಏಳಲ್ಲ!"

"ಅದನ್ನ ಯಾರೂ ಬೇಡ ಅಂದಿಲ್ಲ. ನಿಮ್ಮ ಕೈಲಿ ಆಗಲ್ಲ, ಅಷ್ಟೆ. ಕ್ಯಾನಾಟ್. ಇನ್ನು ಅಜ್ಜಿ ಊಟ ಮಾಡ್ತಿರುವಾಗ ಅವರ ತಲೆ ಮೇಲಿಂದ ಕೈ ಚಾಚಿ ಉಪ್ಪು ತಗೊಂಡ್ರೆ?"

ಮಕ್ಕಳೆಲ್ಲ ಒಟ್ಟಿಗೆ ಉಸಿರು ಎಳೆದುಕೊಂಡರು. ಒಬ್ಬಳು ತನ್ನ ತಲೆಯನ್ನೇ ಮುಚ್ಚಿಕೊಂಡಳು.

"ಯಾರೂ ಹೊಡೆಯಲ್ಲ. ಅಜ್ಜಿ ಸುಮ್ಮನೆ ನೋಡ್ತಾರೆ, ಅಷ್ಟೇ. ಅದು ಶುಡ್ ನಾಟ್."

ಮರದ ಕೆಳಗಿಂದ ಒಂದು ನಗು ಕೇಳಿಸಿತು, ತಕ್ಷಣ ಕೆಮ್ಮಾಗಿ ಬದಲಾಯಿತು.

ಅವತ್ತು 'ಬೇಕಿಲ್ಲ' ಎನ್ನುವ ನೀಡ್ ನಾಟ್ ಅನ್ನೂ ಹೇಳಿ ಮುಗಿಸಿದ್ದಳು. ಸಂಜೆ ಮಕೆರೇತಾ ಬಂದು ಬಾಗಿಲಲ್ಲೇ ನಿಂತಳು. "ಮಿಕ್ಕಿದ್ದೆಲ್ಲಾ ಗೊತ್ತಾಯ್ತಂತೆ. ಈ ಬೇಕಿಲ್ಲ ಅನ್ನೋದು ಇದೆಯಲ್ಲ, ಅದನ್ನ ಯಾರು ಯಾರಿಗೆ ಹೇಳ್ತಾರೆ ಅಂತ ಕೇಳ್ಕೊಂಡು ಬಾ ಅಂದ್ರು. ಹುಟ್ಟಿದಾಗಿಂದ ಯಾರೂ ತಮಗೆ ಹಾಗೆ ಹೇಳಿಲ್ವಂತೆ."

ಉನೈಸಿ ಆ ಪ್ರಶ್ನೆಯನ್ನು ಪುಸ್ತಕದ ಅಂಚಿನಲ್ಲಿ ಬರೆದಿಟ್ಟುಕೊಂಡಳು. ಮರುದಿನ ಕಿಟಕಿಯ ಪಕ್ಕ ನಿಂತು, ಯಾವ ಮಗುವನ್ನೂ ನೋಡದೆ ಹೇಳಿದಳು: "ನೀವು ದೂರದಿಂದ ಒಂದು ಹೊರೆ ಹೊತ್ಕೊಂಡು ಬರ್ತಿದ್ದೀರಿ. ದಾರೀಲಿ ಒಬ್ಬರು ಎದುರಾಗಿ, ಇದನ್ನ ಇನ್ನು ಹೊರಬೇಕಿಲ್ಲ, ಇಳಿಸಿ, ಅಂತಾರೆ. ಹೊರೋದು ತಪ್ಪು ಅನ್ನಲ್ಲ. ಆಗಲ್ಲ ಅಂತಲೂ ಅನ್ನಲ್ಲ. ಬಿಡುಗಡೆ ಮಾಡ್ತಾರೆ. ಅದು ನೀಡ್ ನಾಟ್."

ಸೂಜಿ ಆವತ್ತು ಬಹಳ ಹೊತ್ತು ನಿಂತೇ ಇತ್ತು.

ಊರಿನಲ್ಲಿ ಇದು ಗುಟ್ಟಾಗಿ ಉಳಿಯಲಿಲ್ಲ. ಕಮಿನಿಯೇಲಿಯ ಸೋದರಮಾವನ ಮಗ ಸಾಕಿಯುಸಾ ಆ ದಾರಿಯಲ್ಲಿ ಹೋಗುವಾಗೆಲ್ಲ ನಿಲ್ಲುತ್ತಿದ್ದ.

"ಏನ್ ಭಾವ, ಐದನೇ ಕ್ಲಾಸಿಗೆ ಸೇರಿದ್ಯಂತೆ? ಚಡ್ಡಿ ಹೊಲಿಸ್ಕೊಡ್ಲಾ?"

"ನಿನ್ನ ಹಳೇದು ಕೊಡೋ. ನೀನು ಎರಡನೇ ಕ್ಲಾಸ್ ದಾಟಲೇ ಇಲ್ಲವಲ್ಲ, ಹೊಸದಾಗೇ ಇರತ್ತೆ."

"ಬಲೆ ತೂತು ಬರ್ತಾ ಬರ್ತಾ ದೊಡ್ಡದಾಗ್ತಿದೆ ನೋಡು. ಅದ್ರಲ್ಲಿ ತಿಮಿಂಗಿಲ ಕೂಡ ದಾಟ್ಕೊಂಡು ಹೋಗತ್ತೆ."

"ನಿನ್ನಂಥದ್ದು ಸಿಗದಿರಲಿ ಅಂತಲೇ ಹಾಗೆ ಹೆಣೆದಿದ್ದು. ಈಗ ಬಾಯಿ ಮುಚ್ಚು, ಪಾಠ ನಡೀತಿದೆ."

ಹದಿನೈದು ದಿನ ಕಳೆದ ಮೇಲೆ ಒಂದು ಬೆಳಗ್ಗೆ ನೀರು ಇಳಿದಿತ್ತು. ಉನೈಸಿ ಹೆಂಗಸರ ಜೊತೆ ಬುಟ್ಟಿ ಹಿಡಿದು ಬಂಡೆಸಾಲಿನ ಮೇಲೆ ಚಿಪ್ಪು ಆರಿಸುತ್ತಿದ್ದಳು. ದೋಣಿಯ ಚಪ್ಪರದ ಕಡೆಯಿಂದ ಹಾಡು ಬಂತು. ರಾಗ ಅವಳ ಅಮ್ಮನದು. ಚರ್ಚಿನಲ್ಲಿ ಹೆಂಗಸರು ನೆಲದ ಮೇಲೆ ಕುಳಿತು, ತೊಡೆಯ ಮೇಲೆ ಅಂಗೈ ತಟ್ಟಿಕೊಳ್ಳುತ್ತ, ದೇವರ ವಾಕ್ಯವನ್ನು ಒಂದೇ ಉಸಿರಿನಲ್ಲಿ ಎತ್ತಿ ಕೊನೆಗೆ ಕೆಳಗಿಳಿಸುವ ಹಳೆಯ ರಾಗ. ಅಮ್ಮ ಅದನ್ನು ಎತ್ತಿಕೊಂಡರೆ ಮಿಕ್ಕವರು ಸುಮ್ಮನಾಗುತ್ತಿದ್ದರು. ಅಮ್ಮ ಹೋಗಿ ಆರು ವರ್ಷವಾಗಿತ್ತು.

ಹೆಂಗಸರು ಒಬ್ಬೊಬ್ಬರಾಗಿ ಬೆನ್ನು ನೆಟ್ಟಗೆ ಮಾಡಿ ನಿಂತರು.

"ಯಾವ ಕೀರ್ತನೆ ಅದು?" ಎಂದಳು ಒಬ್ಬಳು. "ಮಾತೇ ಗೊತ್ತಾಗ್ತಿಲ್ಲ."

ಉನೈಸಿಗೆ ಗೊತ್ತಾಯಿತು. ಅದು ಇಂಗ್ಲಿಷ್. ಅವಳು ಕಿಟಕಿಯಲ್ಲಿ ನಿಂತು ಓದಿದ ಸಾಲುಗಳೇ. ದೀಪವಿಲ್ಲದೆ ಕತ್ತಲಲ್ಲಿ ಹೋಗಕೂಡದು, ಬೆಂಕಿಯ ಬಳಿ ಪೆಟ್ರೋಲ್ ತೆರೆಯಕೂಡದು, ನೀರಿಗೆ ಬಿದ್ದವನನ್ನು ಬಿಟ್ಟು ಹೋಗಕೂಡದು. ಅವಳು ಉಸಿರು ತೆಗೆದುಕೊಂಡ ಕಡೆಯೇ ಅವನೂ ನಿಲ್ಲುತ್ತಿದ್ದ. ಅವಳು ತಡವರಿಸಿದ ಒಂದು ಮಾತೂ ಹಾಗೇ ಉಳಿದುಕೊಂಡಿತ್ತು. ಪ್ರತಿ ಸಾಲಿನ ಕೊನೆಗೂ ಆ 'ಕೂಡದು' ರಾಗದ ತಳಕ್ಕಿಳಿದು, ನೀರಿನ ಮೇಲೆ ಹಾದು ಬಂದು, ಅವಳ ಕಾಲಿನ ಹತ್ತಿರ ನಿಂತ ಹಾಗಾಗುತ್ತಿತ್ತು. ಕಾನೂನಿನ ಪುಸ್ತಕದಲ್ಲಿ ದೇವರು ಇರಬಹುದೆಂದು ಅವಳು ಎಂದೂ ಎಣಿಸಿರಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಅಣ್ಣನ ದನಿಯನ್ನು ಅಷ್ಟು ಹೊತ್ತು ಕೇಳಿದ್ದೂ ಅದೇ ಮೊದಲು. ಬುಟ್ಟಿಯನ್ನು ಎದೆಗೆ ಅಪ್ಪಿಕೊಂಡು ಅವಳು ನೀರು ಮೊಣಕಾಲಿಗೆ ಏರುವವರೆಗೂ ನಿಂತಿದ್ದಳು.

ಪರೀಕ್ಷೆಗೆ ಒಂದು ವಾರ ಉಳಿದಾಗ ಪಾಠ ಮೂವತ್ತೊಂದನೆಯ ನಿಯಮಕ್ಕೆ ಬಂತು. ಅವಳು ಪುಸ್ತಕ ತೆರೆದಳು, ಓದಲು ಬಾಯಿ ತೆರೆದಳು, ಮುಚ್ಚಿದಳು.

ದೋಣಿಯ ಮಾಲೀಕನೇ ಆಜ್ಞೆ ಮಾಡಿದರೂ, ಸಮುದ್ರ ಸರಿಯಿಲ್ಲದಾಗ ಚುಕ್ಕಾಣಿಯವನು ಹೊರಡಕೂಡದು.

ಒಡೆಯರ ಮನೆ ಶಾಲೆಯಿಂದ ಇಪ್ಪತ್ತು ಹೆಜ್ಜೆ. ಬಾಗಿಲು ತೆರೆದಿತ್ತು, ಒಳಗೆ ರಾತು ಎಪೇಲಿಯವರು ತೊಡೆಯ ಮೇಲೆ ತೆಂಗಿನ ನಾರು ಹೊಸೆಯುತ್ತ ಕುಳಿತದ್ದು ಕಾಣುತ್ತಿತ್ತು. ಒಡೆಯರಿಗೆ ಇಲ್ಲ ಎಂದವರನ್ನು ಆ ಊರು ಕಂಡಿರಲಿಲ್ಲ. ಮೂವತ್ತೊಂದು ವರ್ಷದ ಹಿಂದೆ, ಈಗಿನವರ ತಂದೆ ಒಡೆಯರಾಗಿದ್ದಾಗ, ಆಚೆ ದ್ವೀಪದ ಮದುವೆಗೆ ಹೊರಟು ನಿಂತಿದ್ದರು. ಕಂಡಿ ನೊರೆಯಿಂದ ಬೆಳ್ಳಗಾಗಿತ್ತು. ಚುಕ್ಕಾಣಿಯಲ್ಲಿದ್ದದ್ದು ಉನೈಸಿಯ ಅಪ್ಪ. "ಇವತ್ತು ಬೆಳ್ಳಗಿದೆ, ಒಡೆಯಾ," ಎಂದನಂತೆ. ಅದಕ್ಕಿಂತ ಹೆಚ್ಚು ಹೇಳುವ ಹಕ್ಕು ಯಾರಿಗೂ ಇರಲಿಲ್ಲ. ಒಡೆಯರು ಏನೂ ಹೇಳದೆ ದೋಣಿ ಹತ್ತಿ ಕುಳಿತರು. ಮಗುಚಿದ ದೋಣಿಯ ಬೆನ್ನಿಗೆ ಅಪ್ಪ ಅವರನ್ನು ಹಗ್ಗದಿಂದ ಬಿಗಿದು ಉಳಿಸಿದ. ತನಗೆ ಹಗ್ಗ ಉಳಿಯಲಿಲ್ಲ. ಅವನ ನಿಷ್ಠೆಯನ್ನು ಈಗಲೂ ಚರ್ಚಿನಲ್ಲಿ ನೆನೆಯುತ್ತಾರೆ. ಆ ದಿನ ಹೊರಡಬಾರದಿತ್ತೆಂದು ಯಾರೂ, ಅಮ್ಮ ಕೂಡ, ಬಾಯಿಬಿಟ್ಟು ಹೇಳಿದ್ದಿಲ್ಲ.

ಉನೈಸಿ ಸೀಮೆಸುಣ್ಣ ತೆಗೆದುಕೊಂಡು ಆ ಸಾಲನ್ನು ಹಲಗೆಯ ಮೇಲೆ ಬರೆದಳು. "ಬಾಯಲ್ಲಿ ಓದಬೇಡಿ. ನೋಡಿ ಬರ್ಕೊಳ್ಳಿ." ಮಕ್ಕಳು ಬರೆದುಕೊಂಡ ಕೂಡಲೇ ಒದ್ದೆ ಬಟ್ಟೆಯಿಂದ ಒರೆಸಿದಳು. ಮರದ ಕೆಳಗಿದ್ದವನು ಆ ತಿಂಗಳಲ್ಲಿ ಮೊದಲ ಸಲ ಅರ್ಧ ತಲೆ ತಿರುಗಿಸಿದ. ಅವಳು ಮೂವತ್ತೆರಡನೆಯದನ್ನು ಎಂದಿಗಿಂತ ಗಟ್ಟಿಯಾಗಿ ಓದಿದಳು. ನಲವತ್ತರಲ್ಲಿ ಒಂದು, ಅದನ್ನೇ ಕೇಳುತ್ತಾರೆಯೇ, ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು.

ಆಫೀಸರ್ ರಾಮ್‌ಸಮುಜ್ ಮಂಗಳವಾರದ ಹಡಗಿನಲ್ಲಿ ಬಂದ. ಕನ್ನಡಕದ, ಬಿಳಿ ಮೀಸೆಯ ಮನುಷ್ಯ. ಊರಿನ ಮಾತನ್ನು ಊರಿನವರಷ್ಟೇ ಚೆನ್ನಾಗಿ ಆಡುತ್ತಿದ್ದ. ಕಾಣಿಕೆಯಾಗಿ ಯಂಗೋನದ ಬೇರಿನ ಕಟ್ಟನ್ನು ಒಡೆಯರ ಮುಂದಿಟ್ಟು, ಅಂಗೈ ಬಾಗಿಸಿ ಚಪ್ಪಾಳೆ ತಟ್ಟಿ, ಆ ಬೇರು ಕದಡಿದ ನೀರಿನ ಕರಟ ಖಾಲಿ ಮಾಡಿದ ಮೇಲೆಯೇ ಚೀಲ ತೆರೆದದ್ದು. ಪರೀಕ್ಷೆ ಶಾಲೆಯ ಕೋಣೆಯಲ್ಲಿ. ಒಡೆಯರು ಮೇಲ್ಗಡೆಯ ಚಾಪೆಯಲ್ಲಿ ಕುಳಿತರು, ಕಮಿನಿಯೇಲಿ ಬಾಗಿಲ ಹತ್ತಿರ. ಸಾಕ್ಷಿಗೆ ಶಾಲೆಯ ಟೀಚರ್ ಬೇಕೆಂದು ಉನೈಸಿಯನ್ನೂ ಕೂರಿಸಿದರು. ಅವಳು ಅಣ್ಣನ ಕಡೆ ಮುಖ ಮಾಡದೆ ಗೋಡೆಯ ಬದಿಗೆ ಒರಗಿದಳು. ಕಿಟಕಿಗಳ ತುಂಬ ತಲೆಗಳು ತುಂಬಿಕೊಂಡವು.

"ನಿಯಮ ಇಂಗ್ಲಿಷಲ್ಲಿದೆ. ಉತ್ತರಾನೂ ಇಂಗ್ಲಿಷಲ್ಲೇ ಕೊಡಬೇಕು, ಗೊತ್ತಲ್ಲ?" ಎಂದ ರಾಮ್‌ಸಮುಜ್. "ಹೆದರಬೇಡ. ನಾನು ಹೋದ ಸಲದವನಲ್ಲ."

ಮೊದಲ ಪ್ರಶ್ನೆ ಇಂಧನದ ಬಗ್ಗೆ. ಕಮಿನಿಯೇಲಿಯ ತುಟಿ ಅಲುಗಿತು, ಮಾತು ಬರಲಿಲ್ಲ. ಕಿಟಕಿಯಿಂದ ಸಾಕಿಯುಸಾ ಉಸುರಿದ: "ಭಾವ, ಹಾಡೋ!"

ಅವನು ಕಣ್ಣು ಮುಚ್ಚಿದ. ಅಂಗೈ ತೊಡೆಗೆ ಬಡಿಯಿತು. ಮೊದಲ ನಿಯಮದಿಂದ ಎತ್ತಿಕೊಂಡ.

ರಾಮ್‌ಸಮುಜ್ ಪೆನ್ನು ಎತ್ತಿದವನು ಎತ್ತಿಕೊಂಡೇ ಇದ್ದ. ಏಳನೆಯ ಸಾಲಿನಲ್ಲಿ ಇಂಧನ ಬಂತು. "ಸಾಕು, ಇದೇ..." ಎಂದ, ಆದರೆ ದನಿ ತಗ್ಗಿಸಿ. ಕಮಿನಿಯೇಲಿ ಕೇಳಿಸಿಕೊಳ್ಳಲಿಲ್ಲ. ಹೊರಗೆ ಮಕ್ಕಳು ಮೆಲ್ಲಗೆ ಸೇರಿಕೊಂಡರು. ಆಫೀಸರು ಪಟ್ಟಿಯನ್ನು ತೊಡೆಯ ಮೇಲಿಟ್ಟು, ಪ್ರಶ್ನೆ ಕೇಳುವುದನ್ನು ಬಿಟ್ಟು, ಹಾಡು ಬಂದ ಹಾಗೆ ಒಂದೊಂದಕ್ಕೂ ಗುರುತು ಹಾಕುತ್ತ ಹೋದ. ಹತ್ತು, ಇಪ್ಪತ್ತು, ಮೂವತ್ತು.

ಮೂವತ್ತರ ನಂತರ ಮಾತು ನಿಂತಿತು. ರಾಗ ನಿಲ್ಲಲಿಲ್ಲ. ಮುಚ್ಚಿದ ಬಾಯಲ್ಲೇ ಅವನು ಒಂದು ಪೂರ್ತಿ ಸಾಲನ್ನು ಎತ್ತಿ, ನಡೆಸಿ, ತಳಕ್ಕಿಳಿಸಿದ. ಆಮೇಲೆ ಮೂವತ್ತೆರಡನೆಯದು, ಮಾತಿನೊಂದಿಗೆ, ಎಂದಿನಂತೆ.

ಉನೈಸಿಗೆ ಅರ್ಥವಾಯಿತು. ಅವಳು ಹೇಳದೆ ಬಿಟ್ಟದ್ದನ್ನೂ ಅವನು ಕೇಳಿಸಿಕೊಂಡಿದ್ದ. ಅಲ್ಲೊಂದು ಸಾಲಿದೆಯೆಂದು ತಿಳಿದು, ಅದು ಏನೆಂದು ತಿಳಿಯದೆ, ಅದಕ್ಕೆ ಜಾಗ ಕಾದಿರಿಸಿದ್ದ.

ನಲವತ್ತು ಮುಗಿದ ಮೇಲೆ ರಾಮ್‌ಸಮುಜ್ ಕನ್ನಡಕ ಒರೆಸಿಕೊಂಡ. "ಮೂವತ್ತೊಂದು ಬಿಟ್ಟುಹೋಯ್ತು. ಅದು ಇಲ್ಲದೆ ನಾನು ಸಹಿ ಹಾಕೋಕಾಗಲ್ಲಪ್ಪ. ಅದೊಂದನ್ನ ಪ್ರಶ್ನೆಯಾಗೇ ಕೇಳ್ತೀನಿ." ಪಟ್ಟಿ ನೋಡಿ ನಿಧಾನವಾಗಿ ಕೇಳಿದ. "ಸಮುದ್ರ ಸರಿಯಿಲ್ಲ. ದೋಣಿಯ ಮಾಲೀಕನೇ ಬಂದು ಹೊರಡು ಅಂತಾನೆ. ನೀನೇನು ಮಾಡ್ತೀಯ?"

ಕಿಟಕಿಯ ತಲೆಗಳು ಒಡೆಯರ ಕಡೆ ತಿರುಗಿ, ಅಷ್ಟೇ ಬೇಗ ಕೆಳಗೆ ಬಾಗಿದವು. ಕಮಿನಿಯೇಲಿ ಚಾಪೆಯ ಅಂಚನ್ನು ನೋಡುತ್ತ ಕುಳಿತ. ಆ ಊರಿನ ಮನುಷ್ಯನಿಗೆ ಅದಕ್ಕೆ ಇದ್ದದ್ದು ಒಂದೇ ಉತ್ತರ, ಅದನ್ನು ಅವನ ಅಪ್ಪ ಕೊಟ್ಟಾಗಿತ್ತು. ಉತ್ತರ ತುಟಿಯವರೆಗೆ ಬರುತ್ತಿರುವುದನ್ನು ಅವಳು ನೋಡದೆಯೇ ಬಲ್ಲಳು.

ಒಡೆಯರ ಮುಂದೆ ಎದ್ದು ನಿಲ್ಲುವಂತಿಲ್ಲ. ಉನೈಸಿ ಮೊಣಕಾಲ ಮೇಲೆ ತೆವಳಿ ಮುಂದೆ ಬಂದು ಆಫೀಸರಿಗೆ ಮುಖ ಮಾಡಿದಳು.

"ಸರ್, ಅದು ಅವರ ತಪ್ಪಲ್ಲ. ಆ ಒಂದು ಸಾಲನ್ನ ನಾನು ಬಾಯಿಬಿಟ್ಟು ಹೇಳಲಿಲ್ಲ. ಬರೆದೆ, ಅಳಿಸಿದೆ. ಈ ಕಿಟಕಿ ತೆಗೆದಿತ್ತು." ಅವಳು ಕಿಟಕಿಯಾಚೆ ನೋಡಿದಳು. "ಆ ಕಡೆ ಒಡೆಯರ ಬಾಗಿಲೂ ತೆಗೆದಿತ್ತು."

"ಟೀಚರ್, ಉತ್ತರ ಹೇಳ್ಕೊಡೋ ಹಾಗಿಲ್ಲ."

"ಹೇಳ್ಕೊಡಲ್ಲ ಸರ್. ಹೇಳದೆ ಇದ್ದಿದ್ದನ್ನ ಹೇಳಿದೆ, ಅಷ್ಟೆ."

ಅವಳು ಹಿಂದಕ್ಕೆ ಸರಿದಳು. ಕಮಿನಿಯೇಲಿ ತಲೆ ಎತ್ತಿರಲಿಲ್ಲ. ಆದರೆ ಅವನ ಕೈ ತೊಡೆಯ ಮೇಲೆ ಬಿಗಿಯಾಯಿತು, ಆಮೇಲೆ ಮೆಲ್ಲಗೆ ಬಿಚ್ಚಿಕೊಂಡಿತು. ಆ ಮನೆಯ ಬಾಗಿಲು ತೆರೆದಿರುವಾಗ ತನ್ನ ತಂಗಿ ಏನನ್ನು ಹೇಳಲಾರಳು ಎಂಬುದನ್ನು ಭೂಮಿಯ ಮೇಲೆ ಬಲ್ಲವನು ಅವನೊಬ್ಬನೇ. ಅವನು ಉಸಿರು ಎಳೆದುಕೊಂಡ. ಈ ಬಾರಿ ರಾಗವಿರಲಿಲ್ಲ.

"ಹೊರಡಕೂಡದು," ಎಂದ, ಇಂಗ್ಲಿಷಿನಲ್ಲಿ. ಎಲ್ಲರಿಗೂ ಕೇಳುವ ಹಾಗೆ. ಮತ್ತೆ, "ಒಡೆಯರೂ ಹೊರಡಕೂಡದು."

ಸಮುದ್ರದ ಸದ್ದು ಕೋಣೆಯೊಳಗೆ ಬಂತು. ರಾಮ್‌ಸಮುಜ್ ಪೆನ್ನು ಊರಲಿಲ್ಲ. ಅವನೂ ಈ ದ್ವೀಪಗಳಲ್ಲೇ ಹುಟ್ಟಿದವನು.

ರಾತು ಎಪೇಲಿಯವರು ತಮ್ಮ ಅಂಗೈಗಳನ್ನು ನೋಡಿಕೊಂಡರು. ಅರವತ್ತರ ಸಮೀಪದ ದೊಡ್ಡ ಕೈಗಳು.

"ಅವತ್ತು ಆ ದೋಣೀನ ನೀರಿಗೆ ನೂಕಿದವನು ನಾನು," ಎಂದರು. "ಅಪ್ಪ ಕೂತಿದ್ರು. ನಿಮ್ಮಪ್ಪ ಒಂದು ಸಲ ನನ್ನ ಮುಖ ನೋಡಿದ. ನಾನು ನೂಕಿದೆ." ಆಮೇಲೆ ಆಫೀಸರ ಕಡೆ ತಿರುಗಿ, "ಹೇಳಿದ್ದು ಕೇಳಿಸ್ತಲ್ಲ. ಬರ್ಕೊಳ್ಳಿ," ಎಂದರು.

ಮರುದಿನ ಬೆಳಗ್ಗೆ ಆಫೀಸರನ್ನು ಆಚೆ ದ್ವೀಪಕ್ಕೆ ಬಿಡಬೇಕಿತ್ತು. ಒಡೆಯರೂ ಜೊತೆಗೆ ಹೋಗುವುದೆಂದು ನಿಶ್ಚಯವಾಗಿತ್ತು. ತೆಂಗಿನ ಗರಿ ಸರಿಸಿ ದೋಣಿಯನ್ನು ಇಳಿಸಿದರು. ರಾತ್ರಿಯಿಡೀ ಬೀಸಿದ ಗಾಳಿ ಕಡಿಮೆಯಾಗಿತ್ತು, ಪೂರ್ತಿ ನಿಂತಿರಲಿಲ್ಲ. ಮೋಡದ ನೆರಳು ಬಂಡೆಸಾಲಿನ ಮೇಲೆ ಸರಿಯುತ್ತಿತ್ತು. ಊರೆಲ್ಲ ದಡದಲ್ಲಿತ್ತು. ಉನೈಸಿ ಹೆಂಗಸರ ನಡುವೆ, ಮಕೆರೇತಾಳ ಪಕ್ಕ ನಿಂತಿದ್ದಳು. ಅತ್ತಿಗೆ ಒಂದು ತಮಾಷೆಯನ್ನೂ ಮಾಡಲಿಲ್ಲ.

ಕಮಿನಿಯೇಲಿ ದೋಣಿಯ ಹಿಂಬದಿಯಲ್ಲಿ ನಿಂತು ಕಂಡಿಯನ್ನೇ ನೋಡುತ್ತಿದ್ದ. ಒಂದು ಅಲೆ ಬಂತು, ಇನ್ನೊಂದು ಬಂತು. ಅವನು ಎಣಿಸುತ್ತಿದ್ದನೋ ಏನೋ. ಅವನು ಹೂಂ ಎನ್ನುತ್ತಾನೋ ಊಹೂಂ ಎನ್ನುತ್ತಾನೋ ದಡದ ಮೇಲೆ ಯಾರಿಗೂ ಗೊತ್ತಿರಲಿಲ್ಲ. ರಾತು ಎಪೇಲಿಯವರು ಚಪ್ಪಲಿ ಬಿಟ್ಟು ನೀರಿಗಿಳಿದರು. ದೋಣಿ ಹತ್ತಲಿಲ್ಲ. ಮುಂಬದಿಯ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು, ಮೊಣಕಾಲು ಮುಳುಗುವಷ್ಟು ನೀರಿನಲ್ಲಿ, ಸೊಂಟಕ್ಕೆ ಸುತ್ತಿದ ಸುಲುವಿನ ಅಂಚು ಒದ್ದೆಯಾಗಿ ಮೇಲೇಳುತ್ತಿದ್ದರೂ ಎತ್ತಿಕೊಳ್ಳದೆ, ಚುಕ್ಕಾಣಿಯವನ ಮುಖ ನೋಡುತ್ತ ನಿಂತರು.